ನೋವಿಲ್ಲ ಎಂದವರಿಗೆ ಕೊಟ್ಟ ಉತ್ತರ

೪ ಫೆಬ್ರವರಿ

ಪ್ರೀತಿಯ ಗುಬ್ಬಿ,

ಈ ಕಾಗದವನ್ನು ಚಿಕ್ಕಮ್ಮ ನಿನಗೆ ಓದಿ ಹೇಳುತ್ತಾರೆ. ಚಿಕ್ಕಮ್ಮ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಸಿಡುಕದೆ ಓದಿ. ಫೋನಿನಲ್ಲಿ ಎರಡು ಮಾತು ಆಡುವಷ್ಟರಲ್ಲಿ ಗುಬ್ಬಿಗೆ ತಲೆ ಸುತ್ತುತ್ತದೆ. ಮೊಬೈಲು, ಕಂಪ್ಯೂಟರಿನ ಕಡೆಗಂತೂ ಡಾಕ್ಟರು ಕಣ್ಣೆತ್ತಿಯೂ ನೋಡಬೇಡ ಎಂದಿದ್ದಾರೆ. ಹಾಗಾಗಿ ನಮಗೆ ಅಂಚೆಯೇ ಗತಿ.

ತಲೆಯ ಹೊಲಿಗೆ ಬಿಚ್ಚಿದರಂತೆ. ವಾಂತಿ ನಿಂತಿದೆಯೆಂದೂ ತಿಳಿಯಿತು. ನೀನು ಅಲ್ಲಿ ಕತ್ತಲೆ ಕೋಣೆಯಲ್ಲಿ ಸುಮ್ಮನೆ ಮಲಗಿದ್ದೀಯ ಎಂದರೆ ನಂಬುವುದು ಕಷ್ಟ. ಬೂಟಿನ ಫೋಟೋ ಮೇಲಿನಿಂದ ತೆಗೆದರೇ ಚೆಂದ ಎಂದು ಸ್ಟೂಲಿನ ಮೇಲೆ ಪೆಟ್ಟಿಗೆಯಿಟ್ಟು ಹತ್ತಿ ಬಿದ್ದೆಯಲ್ಲ, ಆ ಫೋಟೋ ಮಾತ್ರ ನಿಜಕ್ಕೂ ಚೆನ್ನಾಗಿ ಬಂದಿದೆ. ನಾನು ಇನ್ನೂ ಎಲ್ಲಿಯೂ ಹಾಕಿಲ್ಲ.

ಇಲ್ಲಿಯ ಸಂಗತಿ ಕೇಳು. ಇಷ್ಟು ವರ್ಷ ನಿನ್ನ ಕೆಲಸಕ್ಕೆ ನಾನು ಇಟ್ಟಿದ್ದ ಹೆಸರು ಒಂದೇ: 'ಗುಬ್ಬಿ ಕಂಪ್ಯೂಟರ್ ಮುಂದೆ ಕೂತಿದ್ದಾಳೆ.' ಈಗ ಒಳಗೆ ಕೈಹಾಕಿದರೆ ಅದು ಈರುಳ್ಳಿ, ಸಿಪ್ಪೆ ಬಿಡಿಸಿದಷ್ಟೂ ಇನ್ನೊಂದು. ಫೋಟೋ ತೆಗೆಯಬೇಕು, ಅದನ್ನು ತಿದ್ದಬೇಕು. ಪೋಸ್ಟ್ ಹಾಕಬೇಕು. ಜಾಹೀರಾತು ಯಾವ ಊರಿನವರಿಗೆ, ಯಾವ ವಯಸ್ಸಿನವರಿಗೆ ಕಾಣಬೇಕೆಂದು ನೋಡಿಕೊಳ್ಳಬೇಕು. ಹಳೆಯ ಗಿರಾಕಿಗಳಿಗೆ ಪ್ರತಿ ವಾರ ಇಮೇಲ್ ಕಳಿಸಬೇಕು. ಇದೆಲ್ಲ ಹೇಗಾದರೂ ಆಗಲಿ, ಮೆಸೇಜುಗಳು! ಅಟ್ಟೆಗೆ ಅಂಟು ಹಚ್ಚಿ ಇನ್ನೇನು ಕೂರಿಸಬೇಕು ಎನ್ನುವಷ್ಟರಲ್ಲಿ ಫೋನು ಗುಂಯ್ ಎನ್ನುತ್ತದೆ. ನೋಡದಿದ್ದರೆ ಮತ್ತೆ ಗುಂಯ್. ನೋಡಿ ಬರುವಷ್ಟರಲ್ಲಿ ಅಂಟು ಒಣಗಿರುತ್ತದೆ. ಮೊನ್ನೆ ಚರ್ಮ ಕೊಯ್ಯುವ ರಂಪಿಗೆ ಹೆಬ್ಬೆರಳಿಗೇ ಇಳಿಯುತ್ತಿತ್ತು, ಸ್ವಲ್ಪದರಲ್ಲಿ ಉಳಿದೆ.

ಏಜೆನ್ಸಿಯೊಂದರಿಂದ ಟೈ ಕಟ್ಟಿದವನೊಬ್ಬ ಬಂದು ಹೋದ. ಎಲ್ಲವನ್ನೂ ಒಟ್ಟಿಗೆ ಹೊರಗೆ ಕೊಡಲು ನಮಗೆ ತ್ರಾಣವಿಲ್ಲ, ಸದ್ಯ ಒಂದು ಕೊಡಬಹುದು. ಯಾವುದನ್ನು ಮೊದಲು ಕೊಡಲಿ? ನನಗೆ ಅನಿಸುವುದು, ಜೀವ ತಿನ್ನುವುದನ್ನೇ ಮೊದಲು ದಾಟಿಸಬೇಕು ಎಂದು. ಅಂದರೆ ಮೆಸೇಜುಗಳಿಗೆ ಉತ್ತರ ಬರೆಯುವುದನ್ನು. ನಿನ್ನ ಮಾತು ಕೇಳದೆ ಮಾಡಬಾರದೆಂದು ಕಾಯುತ್ತಿದ್ದೇನೆ.

ಹುಷಾರು,
ಅಕ್ಕ


೧೧ ಫೆಬ್ರವರಿ

ಅಕ್ಕ,

ನಾನು ಹೇಳುತ್ತಿದ್ದೇನೆ, ಚಿಕ್ಕಮ್ಮ ಬರೆಯುತ್ತಿದ್ದಾರೆ. ನಡುನಡುವೆ ಕಣ್ಣು ಮುಚ್ಚಿಕೊಳ್ಳಬೇಕಾದ್ದರಿಂದ ಮಾತು ತುಂಡುತುಂಡಾಗಿ ಬರಬಹುದು.

ಉತ್ತರ ಬರೆಯುವುದನ್ನು ಕೊಡಬೇಡ. ಉಳಿದ ಯಾವುದನ್ನಾದರೂ ಕೊಡು.

ಯಾವುದು ಜೀವ ತಿನ್ನುತ್ತದೆ ಎಂದು ನೀನು ಕೇಳಿಕೊಳ್ಳುತ್ತಿದ್ದೀಯ. ಯಾವುದು ತಪ್ಪಾದರೆ ತಿದ್ದಬಹುದು ಎಂದು ಕೇಳಿಕೊ. ಫೋಟೋ ಕೆಟ್ಟರೆ ಇನ್ನೊಂದು ತೆಗೆದರಾಯಿತು. ಜಾಹೀರಾತು ಕಾಲು ಸರಿಯಿರುವವರ ಕಣ್ಣಿಗೇ ಬೀಳುತ್ತಿದ್ದರೆ ಅದನ್ನು ಅವತ್ತೇ ನಿಲ್ಲಿಸಬಹುದು. ಪೋಸ್ಟಿನಲ್ಲಿ ಅಕ್ಷರ ತಪ್ಪಿದ್ದರೆ ನಾಲ್ಕು ಜನ ನಗುತ್ತಾರೆ, ನಕ್ಕು ಮರೆಯುತ್ತಾರೆ. ಮೊದಲು ಫೋಟೋ ಕೊಡು, ಆಮೇಲೆ ಜಾಹೀರಾತು. ಹೇಳಿಕೊಟ್ಟರೆ ಯಾರಿಗಾದರೂ ಬರುವ ಕೆಲಸಗಳು ಅವು.

ನಮ್ಮ ಹತ್ತಿರ ಬರುವವರು ಅಂಗಡಿಯ ಬೂಟು ಕಾಲಿಗೆ ಹೊಂದದವರು. ಅವರು ಬರೆಯುವುದೊಂದು, ಕೇಳುವುದೊಂದು. 'ಕಂದು ಬಣ್ಣದ್ದು ಇದೆಯಾ' ಎಂದು ಒಬ್ಬಾಕೆ ಬರೆಯುತ್ತಾಳೆ. ನಾಲ್ಕು ಮಾತಾಡಿದ ಮೇಲೆ ಗೊತ್ತಾಗುತ್ತದೆ, ಒಂದು ಅಟ್ಟೆ ದಪ್ಪ ಇರುವುದು ಜನರ ಕಣ್ಣಿಗೆ ಬೀಳುತ್ತದೆಯೇ ಎಂಬುದು ಅವಳ ಪ್ರಶ್ನೆ. ಬಣ್ಣದ ಪಟ್ಟಿ ಕಳಿಸಿದರೆ ಅವಳು ಸುಮ್ಮನಾಗಿಬಿಡುತ್ತಾಳೆ, ಮತ್ತೆ ಬರೆಯುವುದಿಲ್ಲ.

ಇನ್ನೊಂದು. ಬೇಕರಿಯಮ್ಮನ ಬೂಟು ಈ ತಿಂಗಳು ಮುಗಿಯಬೇಕು. ಸಕ್ಕರೆ ಮಾರುವವಳಿಗೇ ಸಕ್ಕರೆ ಕಾಯಿಲೆ ಎಂದು ತಾವೇ ನಗುತ್ತಾರೆ, ಆದರೆ ಆ ಕಾಯಿಲೆಯಿಂದ ಅವರ ಪಾದಕ್ಕೆ ಮುಟ್ಟಿದ್ದೇ ಗೊತ್ತಾಗುವುದಿಲ್ಲ. ಸೂಜಿ ಚುಚ್ಚಿದರೂ ತಿಳಿಯದು. ಏನಾದರೂ ಬೇಕಾದರೆ ಇರಲಿ ಎಂದು ಚಿಕ್ಕಮ್ಮನ ಮನೆಯ ನಂಬರನ್ನು ಅವರಿಗೆ ಕೊಟ್ಟು ಬಂದಿದ್ದೇನೆ.

ನಿನ್ನ
ಗುಬ್ಬಿ

ಚಿಕ್ಕಮ್ಮನ ಒಕ್ಕಣೆ: ಇವಳು ಇಷ್ಟು ಹೇಳುವುದಕ್ಕೆ ಎರಡು ಸಲ ಮಲಗಿ ಎದ್ದಳು. ನೀವಿಬ್ಬರೂ ಎತ್ತು ಏರಿಗೆ, ಕೋಣ ನೀರಿಗೆ ಎಂದು ಎಳೆದಾಡುವುದಕ್ಕೆ ಇದು ಸಮಯವಲ್ಲ. ಅವಳು ಹೇಳಿದ ಹಾಗೆ ಕೇಳು.


೨೬ ಫೆಬ್ರವರಿ

ಗುಬ್ಬಿ,

ನಿನಗೆ ಕೋಪ ಬರುತ್ತದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಉತ್ತರ ಬರೆಯುವ ಕೆಲಸವನ್ನೇ ಏಜೆನ್ಸಿಗೆ ಕೊಟ್ಟೆ.

ನಿನ್ನ ಕಾಗದ ಬಂದ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಮಾಡಿ ಮುಗಿಸಿದ್ದು ಒಂದು ಎಡಗಾಲಿನ ಬೂಟು. ಬಲಗಾಲಿನದು ಮರದ ಅಚ್ಚಿನ ಮೇಲೆ ಹಾಗೇ ಕೂತಿತ್ತು. ಮೆಸೇಜಿಗೆ ಉತ್ತರ ತಡವಾಯಿತೆಂದು ಒಬ್ಬರು ಆರ್ಡರ್ ಬೇಡ ಎಂದರು. ಆರ್ಡರ್ ಉಳಿಸಿಕೊಂಡವರು ಬೂಟು ತಡವಾಯಿತೆಂದು ರೇಗಿದರು. ಅಡಕತ್ತರಿಯಲ್ಲಿ ಸಿಕ್ಕಂತಾಗಿತ್ತು. ಫೋಟೋ ಹೊರಗೆ ಕೊಟ್ಟರೆ ನನ್ನ ಒಂದು ಗಂಟೆಯೂ ಉಳಿಯುವುದಿಲ್ಲ ಗುಬ್ಬಿ. ನೀನು ಹೇಳಿದ್ದು ಸರಿಯೇ ಇರಬಹುದು, ಅದು ಇಬ್ಬರು ಇದ್ದಾಗಿನ ಲೆಕ್ಕ.

ಸುಮ್ಮನೆ ಕೊಟ್ಟುಬಿಟ್ಟೆ ಎಂದುಕೊಳ್ಳಬೇಡ. ಪದೇಪದೇ ಬರುವ ಪ್ರಶ್ನೆಗಳಿಗೆಲ್ಲ ಕೂತು ಉತ್ತರ ಬರೆದುಕೊಟ್ಟಿದ್ದೇನೆ. ಅಳತೆ ಹೇಗೆ ಕಳಿಸಬೇಕು, ಎಷ್ಟು ದಿನ ಹಿಡಿಯುತ್ತದೆ, ಚರ್ಮವನ್ನು ಹೇಗೆ ಒರೆಸಬೇಕು, ಬಿಗಿಯಾದರೆ ಏನು ಮಾಡಬೇಕು, ಎಲ್ಲ. ಅವರು ಅದನ್ನು ನೋಡಿಕೊಂಡು ಬರೆಯುತ್ತಾರೆ.

ನೀನು ವಾಸಿಯಾಗುವ ಕಡೆ ನೋಡು. ಇದರ ಯೋಚನೆ ನಿನಗೆ ಬೇಡ.

ಅಕ್ಕ


೫ ಮಾರ್ಚ್

ಅಕ್ಕ,

ಇದನ್ನು ನಾನೇ ಬರೆಯುತ್ತಿದ್ದೇನೆ. ಗೆರೆ ಸೊಟ್ಟಗಿದ್ದರೆ ಕ್ಷಮಿಸು.

'ಇದರ ಯೋಚನೆ ನಿನಗೆ ಬೇಡ' ಎಂದಿದ್ದೀಯ. ಆ ಸಾಲನ್ನು ಓದುವಾಗ ಚಿಕ್ಕಮ್ಮನ ಧ್ವನಿ ತಗ್ಗಿತು. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ನೇರವಾಗಿ ಕೇಳುತ್ತೇನೆ. ನಾನು ಬಂದ ಮೇಲೆ ನನ್ನ ಕುರ್ಚಿ ಅಲ್ಲಿರುತ್ತದೆಯೇ? ಹೊಲಿಯುವುದು, ಅಂಟಿಸುವುದು ನಿನ್ನದು, ಅದನ್ನು ಹೊರಗೆ ಕೊಡುವ ಮಾತೇ ಬರುವುದಿಲ್ಲ. ಹೊರಗೆ ಹೋಗುವುದೆಲ್ಲ ನನ್ನದೇ. ಮೊದಲು ಯಾವುದು ಎಂದಷ್ಟೇ ಚರ್ಚೆ.

ಇನ್ನೊಂದು ಪ್ರಶ್ನೆ, ಇದಕ್ಕೆ ಉತ್ತರ ಬೇಕು. ಉತ್ತರದ ಕೆಳಗೆ ನಾನು ಯಾವಾಗಲೂ 'ತಂಗಿ' ಎಂದು ಹಾಕುತ್ತಿದ್ದೆ. ಏಜೆನ್ಸಿಯವರು ಯಾರ ಹೆಸರು ಹಾಕುತ್ತಿದ್ದಾರೆ?

ಗುಬ್ಬಿ


೩೦ ಮಾರ್ಚ್

ಗುಬ್ಬಿ,

ತಡವಾಯಿತು. ಕೈತುಂಬ ಕೆಲಸ. ಎಷ್ಟೋ ದಿನಗಳ ಮೇಲೆ ನಾನು ಒಂದೇ ಪಟ್ಟಿಗೆ ಕೂತು ಜೋಡಿ ಬೂಟು ಮುಗಿಸುತ್ತಿದ್ದೇನೆ. ಉತ್ತರ ಈಗ ಕೇಳಿದ ಕೂಡಲೇ ಹೋಗುತ್ತದೆಯಂತೆ. ಹೊಸ ಆರ್ಡರುಗಳು ಹೆಚ್ಚಿವೆ. ಎದುರಿನ ಕ್ಲಿನಿಕ್ಕಿನ ಪಾದದ ಡಾಕ್ಟರು ತಾವಾಗಿ ಬಂದು, ನಿಮ್ಮ ಬಗ್ಗೆ ರೋಗಿಗಳು ಒಳ್ಳೆ ಮಾತಾಡುತ್ತಾರೆ, ಇನ್ನೂ ಜನರನ್ನು ಕಳಿಸುತ್ತೇನೆ ಎಂದರು.

ಬೇಕರಿಯಮ್ಮನ ಬೂಟು ಕೊಟ್ಟಾಯಿತು. ಹಾಕಿಕೊಂಡು ಅಂಗಡಿಯೊಳಗೆ ಮೆರವಣಿಗೆ ಮಾಡಿದರು. ತಂಗಿ ಬಂದ ಮೇಲೆ ಅವಳಿಗೆ ಒಂದು ಇಡೀ ಕೇಕು ಎಂದರು.

ನಿನ್ನ ಕುರ್ಚಿಗೆ ಏನೂ ಆಗಿಲ್ಲ. ಹುಚ್ಚುಹುಚ್ಚಾಗಿ ಯೋಚಿಸಬೇಡ.

ಅಕ್ಕ


೧೭ ಏಪ್ರಿಲ್

ಅಕ್ಕ,

ಇವತ್ತು ಮಧ್ಯಾಹ್ನ ಬೇಕರಿಯಮ್ಮನ ಮಗಳು ಚಿಕ್ಕಮ್ಮನ ಮನೆಗೆ ಫೋನ್ ಮಾಡಿದಳು. ನನ್ನನ್ನೇ ಕೇಳಿದಳು. ಚಿಕ್ಕಮ್ಮ ಬೇಡವೆಂದರೂ ನಾನು ತೆಗೆದುಕೊಂಡೆ, ಏನೋ ಕೇಕಿನ ಸಮಾಚಾರ ಎಂದುಕೊಂಡೆ.

ಅವಳು ಕೂಗಾಡಲಿಲ್ಲ. ಮೆಲ್ಲಗೆ ಹೇಳಿದಳು: "ಅಮ್ಮನ ಕಾಲಿನ ಕಿರುಬೆರಳು ಹುಣ್ಣಾಗಿ ತೆಗೆದ್ರು. ನೀವು ಬರೆದಿದ್ದನ್ನ ಓದ್ತೀನಿ, ಕೇಳಿಸ್ಕೊಳ್ಳಿ."

ಓದಿದಳು. 'ಕಿರುಬೆರಳ ಹತ್ತಿರ ಕೆಂಪಗೆ ಗುರುತು ಬಿದ್ದಿದೆ, ನೋವೇನೂ ಇಲ್ಲ, ಬೂಟು ಹಾಕಿಕೊಳ್ಳಲೋ ಬೇಡವೋ' ಎಂದು ಅವರಮ್ಮ ಕೇಳಿದ್ದಾರೆ. ಬಂದ ಉತ್ತರ: 'ಹೊಸ ಚರ್ಮ ಮೊದಲ ವಾರ ಸ್ವಲ್ಪ ಬಿಗಿಯಾಗಿರುತ್ತದೆ. ನೋವಿಲ್ಲವೆಂದರೆ ಚಿಂತೆಯಿಲ್ಲ, ಹಾಕಿಕೊಂಡು ಓಡಾಡಿ, ಸಡಿಲವಾಗುತ್ತದೆ.' ಕೊನೆಯಲ್ಲಿ ಒಂದು ಹೂವಿನ ಚಿತ್ರ. ಕೆಳಗೆ 'ತಂಗಿ'.

ನೋವಿಲ್ಲ ಅಂತೆ! ಆ ಪಾದಕ್ಕೆ ನೋವು ಎಲ್ಲಿಂದ ಬರಬೇಕು? ನೋವಿಲ್ಲ ಎಂದು ಅವರು ಬರೆದಾಗಲೇ ನಾವು ಎದ್ದು ಓಡಬೇಕಿತ್ತು. ನನಗೆ ಗೊತ್ತಿದೆ. ನಿನಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ನಾನು ಮೊಬೈಲು ಮುಟ್ಟಿ ಎರಡು ತಿಂಗಳ ಮೇಲಾಯಿತು. ಅದನ್ನು ಅವಳಿಗೆ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಅದು ನಾನಲ್ಲ ಎಂದರೆ ಮತ್ತೆ ಯಾರು ಎನ್ನುತ್ತಾಳೆ. ನಾನು ನಿನ್ನನ್ನು ತೋರಿಸಬೇಕಾಗುತ್ತದೆ. ಅವಳು ಫೋನಿಟ್ಟಳು.

ನಾನು ಮಾರ್ಚಿನಲ್ಲಿ ನಿನ್ನನ್ನು ಒಂದು ಪ್ರಶ್ನೆ ಕೇಳಿದ್ದೆ.

ಗುಬ್ಬಿ


೨೦ ಏಪ್ರಿಲ್

ಗುಬ್ಬಿ,

ನಿನ್ನ ಕಾಗದ ಬರುವ ಮೊದಲೇ ನನಗೆ ಸುದ್ದಿ ಮುಟ್ಟಿತ್ತು. ಪಾದದ ಡಾಕ್ಟರು ಬಂದು ಬಾಗಿಲಲ್ಲೇ ನಿಂತು ಹೇಳಿ ಹೋದರು. ನಿನಗೆ ತಿಳಿಸುವುದು ಹೇಗೆ, ತಲೆಗೆ ಏನಾಗುತ್ತದೋ ಎಂದು ಹಿಂದೆಮುಂದೆ ನೋಡುತ್ತಿರುವಾಗಲೇ ನಿನಗೆ ಬೇರೆಯವರ ಬಾಯಿಂದ ತಿಳಿಯಿತು.

ನಿನ್ನ ಹೆಸರು ಹಾಕಿ ಎಂದು ಹೇಳಿದವಳು ನಾನೇ. 'ಯಾರ ಸಹಿ ಹಾಕೋಣ ಮೇಡಂ' ಎಂದು ಟೈ ಕಟ್ಟಿದವನು ಕೇಳಿದ. ಬೇರೆ ಯಾರೋ ಬರೆಯುತ್ತಿದ್ದಾರೆಂದು ಗೊತ್ತಾದರೆ ಗಿರಾಕಿಗಳು ಹೋಗಿಬಿಡುತ್ತಾರೆ ಎಂಬ ಭಯ. ಮೊದಲಿದ್ದ ಹಾಗೇ ಇರಲಿ ಎಂದೆ. ನೀನು ಕೇಳಿದಾಗ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಬರೆಯಲಿಲ್ಲ.

ಅವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, "ನೀವೇ ಬರೆದುಕೊಟ್ಟ ಉತ್ತರ ಮೇಡಂ. ಒಂದಕ್ಷರ ಬದಲಾಯಿಸಿಲ್ಲ, ಹೂವು ಮಾತ್ರ ನಮ್ದು" ಎಂದ. ನಾನು ನಂಬಲಿಲ್ಲ. ಹೋಗಿ ನೋಡಿದರೆ ನಿಜ. 'ಬಿಗಿಯಾದರೆ ಏನು ಮಾಡಬೇಕು' ಎಂಬುದಕ್ಕೆ ನಾನೇ ಬರೆದ ಸಾಲು. ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಸ್ಪರ್ಶವಿರುವ ಪಾದ. ಅಂಥ ಪಾದಕ್ಕೆ ಆ ಮಾತು ಸರಿ. ಯಾವ ಪಾದಕ್ಕೆ ಯಾವ ಮಾತು ಎಂದು ನೋಡುವವರು ಅಲ್ಲಿ ಯಾರೂ ಇರಲಿಲ್ಲ.

ನಿನ್ನೆ ಆಸ್ಪತ್ರೆಗೆ ಹೋದೆ. ಉದ್ದನೆಯ ವಾರ್ಡು, ಕಿಟಕಿಯ ಪಕ್ಕದ ಹಾಸಿಗೆ. ಮಗಳು ನನ್ನನ್ನು ಕಂಡು ಎದ್ದು ಹೊರಗೆ ಹೋದಳು. ಬೇಕರಿಯಮ್ಮನ ಪಾದ ದಿಂಬಿನ ಮೇಲಿತ್ತು, ಬ್ಯಾಂಡೇಜು ಸುತ್ತಿ ಇಡೀ ಬ್ರೆಡ್ಡಿನಷ್ಟು ದಪ್ಪವಾಗಿತ್ತು. ಅವರು ಮೊದಲು ಕೇಳಿದ್ದು ನಿನ್ನ ತಲೆ ಹೇಗಿದೆ ಎಂದು.

ನಾನು ನಿಂತೇ ಇದ್ದೆ. "ಅದು ನನ್ನ ತಂಗಿ ಬರೆದಿದ್ದಲ್ಲ" ಎಂದೆ.

"ಮತ್ತೆ ಯಾರು ಬರೆದಿದ್ದು?"

"ನಂಗೆ ಗೊತ್ತಿಲ್ಲ" ಎಂದೆ.

ಅದಕ್ಕಿಂತ ಕೆಟ್ಟ ಮಾತು ನನ್ನ ಬಾಯಿಂದ ಯಾವತ್ತೂ ಬಂದಿಲ್ಲ. ಏಜೆನ್ಸಿಯಲ್ಲಿ ಕೂತು ಅದನ್ನು ಕಳಿಸಿದವರು ಯಾರೋ, ಅವರ ಮುಖ ನಾನು ನೋಡಿಲ್ಲ. ಸಾಲು ನನ್ನದು, ಸಹಿ ನಿನ್ನದು, ಒತ್ತಿದ ಬೆರಳು ಇನ್ಯಾರದೋ ಎಂದು ಬಿಡಿಸಿ ಹೇಳಿದೆ. ಅವರು ಹೇಳಿದರು:

"ನಿನ್ನ ತಂಗಿ ಆಗಿದ್ರೆ ಮೊದಲು ಫೋಟೋ ಕಳ್ಸಿ ಅಂತಿದ್ಲು. ಯಾಕೆ ಕೇಳ್ಲಿಲ್ಲ ಅಂತ ನಂಗೆ ಒಂದ್ ಗಳಿಗೆ ಅನ್ನಿಸ್ತು. ಮಲಗಿದ್ದಲ್ಲಿಂದ್ಲೇ ಅವಳೇ ಬರೆದು ಹೇಳಿದ್ದಾಳಲ್ಲ ಅಂತ ಹಾಕ್ಕೊಂಡು ಓಡಾಡ್ದೆ."

ಮಗಳಿಗೂ ಎಲ್ಲ ಹೇಳಿ ಬಂದೆ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲವೆಂದು ಅವರಿಬ್ಬರಿಗೂ ಈಗ ತಿಳಿದಿದೆ. ನಿನ್ನ ಕ್ಷಮೆ ಕೇಳಲು ನನಗೆ ಮುಖವಿಲ್ಲ.

ಅಕ್ಕ


೨ ಮೇ

ಮಗೂ,

ಅವಳು ಬರೆಯುವುದಿಲ್ಲ ಎನ್ನುತ್ತಾಳೆ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಇದು ನಿನಗೆ ಮಾತ್ರ, ಚಿಕ್ಕಮ್ಮನ ಸ್ವಂತ ಕಾಗದ.

ನಿನ್ನ ಕಾಗದ ಓದಿದ ಮೇಲೆ ಅವಳು ಊಟ ಬಿಟ್ಟಳು. ನಾನು ಗದರಿದೆ, ತಿಂದಳು. ಈಗ ಬೆಳಿಗ್ಗೆ ನದಿಯ ದಡದಲ್ಲಿ ನಡೆಯಲು ಹೋಗುತ್ತಾಳೆ. ನಾನು ಜೊತೆಗೆ ಹೋದರೆ ಒಂದು ಮಾತಿಲ್ಲ. ಗುಬ್ಬಿ ಎಂದು ಹೆಸರಿಟ್ಟವರು ಬಂದು ನೋಡಬೇಕು.

ಮೊನ್ನೆ ತಲೆಯ ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ನಡೆಯಬಹುದು, ಮಾತಾಡಬಹುದು, ಓದುವುದೂ ನಿಧಾನಕ್ಕೆ ಬರುತ್ತದೆ ಎಂದರು. ಪರದೆಯ ಮುಂದೆ ಮಾತ್ರ ದಿನಕ್ಕೆ ಅರ್ಧ ಗಂಟೆ. ಅದಕ್ಕಿಂತ ಹೆಚ್ಚು ಎಂದಿಗೆ ಎಂದು ಇವಳು ಕೇಳಿದಳು. ಅವರು ಪೆನ್ನಿನ ಮುಚ್ಚಳ ಹಾಕುತ್ತಾ, ಹೇಳಲಿಕ್ಕಾಗುವುದಿಲ್ಲ ಎಂದರು. ವರ್ಷವೂ ಆಗಬಹುದು, ಇಷ್ಟೇ ಇದ್ದುಬಿಡಲೂಬಹುದು.

ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ಹೇಳಿದ ಮಾತನ್ನು ನಿನಗೆ ತಲುಪಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. "ನಾನಿಲ್ಲದೇನೆ ಆರ್ಡರ್ ಹೆಚ್ಚಾಯ್ತು ಚಿಕ್ಕಮ್ಮ" ಎಂದಳು. ಅಷ್ಟೇ. ಕಿಟಕಿಯ ಕಡೆ ತಿರುಗಿಕೊಂಡಳು.

ನಿನಗೆ ಬುದ್ಧಿ ಹೇಳುವಷ್ಟು ಈ ಕಂಪ್ಯೂಟರಿನ ವ್ಯಾಪಾರ ನನಗೆ ತಿಳಿಯದು. ಹಾಲಿಗೆ ನೀರು ಬೆರೆಸಿದವರನ್ನು ಜನ ಕ್ಷಮಿಸಿಯಾರು, ಬೇರೆಯವರ ಮನೆ ಹೆಸರಿನಲ್ಲಿ ಮಾರಿದವರನ್ನು ಕ್ಷಮಿಸುವುದಿಲ್ಲ ಎಂಬುದು ಮಾತ್ರ ಗೊತ್ತು. ಅವಳಿಗೆ ಬರೆ. ಸಮಾಧಾನ ಹೇಳುವುದು ಬೇಡ, ಏನು ಮಾಡುತ್ತಿದ್ದೀಯೋ ಅದನ್ನು ಬರೆ.

ನಿನ್ನ
ಚಿಕ್ಕಮ್ಮ


೨೧ ಮೇ

ಗುಬ್ಬಿ,

ಏನು ಮಾಡುತ್ತಿದ್ದೇನೆಂದು ಬರೆಯುತ್ತೇನೆ.

ಆಸ್ಪತ್ರೆಯಿಂದ ಬಂದ ದಿನವೇ ಉತ್ತರದ ಕೆಲಸವನ್ನು ಏಜೆನ್ಸಿಯಿಂದ ಬಿಡಿಸಿಕೊಂಡೆ. ಮೆಸೇಜು ಕಳಿಸುವವರಿಗೆಲ್ಲ ಒಂದೇ ಸಾಲು ಹೋಗುತ್ತದೆ: 'ದಯವಿಟ್ಟು ಫೋನ್ ಮಾಡಿ, ಬೂಟು ಮಾಡುವವಳೇ ಮಾತಾಡುತ್ತಾಳೆ.' ಮಧ್ಯಾಹ್ನ ಊಟದ ನಂತರ ಮಾತ್ರ ತೆಗೆಯುತ್ತೇನೆ, ಆ ಹೊತ್ತಿನಲ್ಲಿ ಅಂಟಿನ ಡಬ್ಬಿ ಮುಚ್ಚಿರುತ್ತದೆ. ನಾನು ಮಾತಾಡಿದರೆ ಜಗಳಕ್ಕೆ ಬಂದ ಹಾಗಿರುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ. ಅವರ ಪಾದದ ಬಗ್ಗೆ ಹತ್ತು ಪ್ರಶ್ನೆ ಕೇಳಿದೆ, ಕೋರ್ಟಿನಲ್ಲಿ ನಿಂತ ಹಾಗಾಯಿತಂತೆ.

ಈ ಮೇಜಿನಿಂದ ಬೂಟು ಪಡೆದವರಲ್ಲಿ ಸ್ಪರ್ಶವಿಲ್ಲದ ಪಾದದವರೆಲ್ಲರಿಗೂ ನಾನೇ ಫೋನ್ ಮಾಡಿದೆ. ಏಜೆನ್ಸಿಯ ಉತ್ತರ ಯಾರಿಗೆಲ್ಲ ಹೋಗಿತ್ತೋ ಅವರಿಗೆ ಮೊದಲು. ಆ ಉತ್ತರ ನನ್ನ ತಂಗಿಯದಲ್ಲ, ಅವಳು ಕಾಯಿಲೆಯಲ್ಲಿದ್ದಾಳೆ, ಪಾದ ತೋರಿಸಿ ಎಂದೆ. ಒಬ್ಬರಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಬೂಟು ವಾಪಸ್ ತಂದು ಅವರನ್ನು ಡಾಕ್ಟರ ಹತ್ತಿರ ಕಳಿಸಿದೆ. ಸಮಯಕ್ಕೆ ಸಿಕ್ಕಿತು. ಕೆಲವರು ಹಣ ವಾಪಸ್ ಕೇಳಿದರು, ಕೊಟ್ಟೆ. ಎದುರಿನ ಡಾಕ್ಟರು ಈಗ ಯಾರನ್ನೂ ಕಳಿಸುವುದಿಲ್ಲ. ದಾರಿಯಲ್ಲಿ ಸಿಕ್ಕರೆ ತಲೆಯಾಡಿಸುತ್ತಾರೆ, ಅಷ್ಟೇ.

ನೀನು ಫೆಬ್ರವರಿಯಲ್ಲಿ ಹೇಳಿದ್ದನ್ನು ಮೇ ತಿಂಗಳಲ್ಲಿ ಮಾಡಿದ್ದೇನೆ. ಫೋಟೋವನ್ನು ಮೂಲೆಯ ಸ್ಟುಡಿಯೋದವನಿಗೆ ಕೊಟ್ಟೆ. ಪಾಸ್‌ಪೋರ್ಟ್ ಫೋಟೋ ತೆಗೆದು ತೆಗೆದು ಅವನಿಗೆ ಎಲ್ಲವೂ ಮುಖದ ಹಾಗೇ ಕಾಣುತ್ತದೆ. ಮೊದಲ ಸಲ ಎಲ್ಲ ಬೂಟುಗಳನ್ನೂ ಎದುರಿನಿಂದ ತೆಗೆದ, ಗೋಡೆಯ ಮುಂದೆ ನಿಲ್ಲಿಸಿದ ಕಳ್ಳರ ಹಾಗಿದ್ದವು. ಮತ್ತೆ ತೆಗೆಸಿದೆ. ಉತ್ತರದ ಬದಲು ಜಾಹೀರಾತನ್ನು ಏಜೆನ್ಸಿಗೆ ಕೊಟ್ಟಿದ್ದೇನೆ. ಬೇಡವಾದ ದಿನ ನಿಲ್ಲಿಸಬಹುದು. ವಾರದ ಇಮೇಲ್ ನಿಂತಿದೆ. ಅದಿಲ್ಲದೆ ಯಾರೂ ಸತ್ತಿಲ್ಲ.

ಬೇಕರಿಯಮ್ಮ ಮನೆಗೆ ಬಂದಿದ್ದಾರೆ. ಅವರ ಪಾದದ ಆಕಾರ ಬದಲಾಗಿದೆ, ಹೊಸ ಬೂಟು ಬೇಕೇಬೇಕು. ಅಳತೆಗೆ ಬರುತ್ತೇನೆಂದು ಹೇಳಿಕಳಿಸಿದೆ, ಬೇಡ ಎಂದರು. ಮನೆಗೇ ಹೋಗಿ ಮತ್ತೆ ಕೇಳಿದೆ. ಮಗಳು ಬಾಗಿಲಲ್ಲೇ ಬೇಡ ಎಂದು ಕಳಿಸಿದಳು.

ಆರ್ಡರ್ ಹೆಚ್ಚಾಗಿದ್ದು ನೀನಿಲ್ಲದ್ದರಿಂದ ಅಲ್ಲ. ಜನ ನೀನೇ ಇದ್ದೀಯ ಎಂದುಕೊಂಡಿದ್ದರು. ನೀನಿಲ್ಲವೆಂದು ನಾನು ಎಲ್ಲರಿಗೂ ಹೇಳಿದ ವಾರ ಫೋನು ಸತ್ತಂತೆ ಬಿದ್ದಿತ್ತು.

ಅಕ್ಕ


೩ ಜೂನ್

ಅಕ್ಕ,

ಚಿಕ್ಕಮ್ಮನಿಗೆ ಬಾಯಿ ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಬಸ್ಸಿನಲ್ಲಿ ಆ ಮಾತು ಆಡಿದ್ದು ನನ್ನ ಬುದ್ಧಿ.

ನನ್ನ ಕೋಪ ಹೋಗಿಲ್ಲ. ಅದು ಬೆರಳಿನ ಕೋಪವಲ್ಲ. ಬಿಗಿಯಾದ ಬೂಟಿನ ಬಗ್ಗೆ ಆ ಸಾಲನ್ನು ನಾನೂ ಬರೆದಿರುತ್ತಿದ್ದೆ, ಸಾಮಾನ್ಯವಾಗಿ ಕೇಳಿದ್ದರೆ. ನೀನು ನನ್ನ ಸಹಿಯನ್ನು ಎತ್ತಿ ಕೊಟ್ಟೆ, ನಾನು ಕೇಳಿದಾಗ ಕೇಕಿನ ಕಥೆ ಹೇಳಿದೆ. ಅದು ಇನ್ನೂ ಚುಚ್ಚುತ್ತದೆ. ಎಷ್ಟು ದಿನ ಚುಚ್ಚುತ್ತದೋ ಗೊತ್ತಿಲ್ಲ. ಚುಚ್ಚುತ್ತಿದೆ ಎಂದಾದರೂ ಹೇಳುತ್ತಿದ್ದೇನೆ.

ನನ್ನ ಕಡೆಯದನ್ನೂ ಹೇಳಿಬಿಡುತ್ತೇನೆ. ಉತ್ತರದ ಕೆಲಸ ಕೊಡಬೇಡ ಎಂದಾಗ ನನಗೆ ಗಿರಾಕಿಗಳ ಚಿಂತೆ ಇದ್ದದ್ದು ಖರೆ. ಅದರ ಕೆಳಗೆ ಇನ್ನೊಂದಿತ್ತು. ಫೋಟೋ ಹೋಗಲಿ, ಜಾಹೀರಾತು ಹೋಗಲಿ, ಅದೊಂದು ಕೆಲಸ ಮಾತ್ರ ನನ್ನ ಹೊರತು ಯಾರಿಂದಲೂ ಆಗದು ಎಂದು ನಂಬಿ ಈ ಕತ್ತಲೆ ಕೋಣೆಯಲ್ಲಿ ಮಲಗಿದ್ದೆ. ಯಾರೋ ಮಾಡುತ್ತಿದ್ದಾರೆ, ಚೆನ್ನಾಗಿಯೇ ನಡೆಯುತ್ತಿದೆ ಎಂದು ನಿನ್ನ ಮಾರ್ಚಿನ ಕಾಗದ ಬಂದಾಗ ನಡೆಯದೇ ಹೋಗಲಿ ಎಂದು ಬಯಸಿದೆ. ಯಾರ ಕಾಲೂ ನನ್ನ ಮನಸ್ಸಿನಲ್ಲಿರಲಿಲ್ಲ. ಆಮೇಲೆ ಆ ಫೋನ್ ಬಂತು. ಅದಕ್ಕೇ ನಾನು ಇಷ್ಟು ದಿನ ನಿನಗೆ ಬರೆಯಲಾರದೆ ಹೋದದ್ದು.

ಈಗ ದಿನಕ್ಕೆ ಅರ್ಧ ಗಂಟೆ ಕೊಟ್ಟಿದ್ದಾರೆ. ಅದನ್ನು ಯಾವುದಕ್ಕೆ ಖರ್ಚು ಮಾಡಲಿ ಎಂದು ದಡದ ಮೇಲೆ ನಡೆಯುತ್ತಾ ಯೋಚಿಸುತ್ತೇನೆ. ಎಲ್ಲ ಮೆಸೇಜುಗಳಿಗೆ ಸಾಲುವುದಿಲ್ಲ. ಹೊಸಬರ ಬಣ್ಣ, ಅಳತೆ, ದಿನಾಂಕದ ಪ್ರಶ್ನೆಗಳನ್ನು ನಿಜವಾಗಿಯೂ ಹೊರಗೆ ಕೊಡಬಹುದು, ಈಗ ನನಗೆ ಹಾಗನಿಸುತ್ತದೆ. ಬರೆಯುವವರು ಅವರ ಹೆಸರನ್ನೇ ಹಾಕಲಿ. ಬೂಟು ಕಾಲಿಗೆ ಹೋದ ಮೇಲೆ ಬರುವ ಮಾತು ಮಾತ್ರ ನಮ್ಮಿಬ್ಬರ ಹತ್ತಿರ ಇರಲಿ. ನೀನು ಫೋನಿನಲ್ಲಿ, ನಾನು ಆ ಅರ್ಧ ಗಂಟೆಯಲ್ಲಿ.

ಬರುತ್ತೇನೋ ಇಲ್ಲವೋ ಎಂದು ಇನ್ನೂ ತೀರ್ಮಾನಿಸಿಲ್ಲ. ಉಳಿದ ಹೊತ್ತೆಲ್ಲ ನಾನು ಅಲ್ಲಿ ಏನು ಮಾಡಲಿ? ನಿನ್ನ ಮೇಜಿನ ಪಕ್ಕ ಸುಮ್ಮನೆ ಕೂರಲು ನನ್ನಿಂದಾಗದು.

ಗುಬ್ಬಿ


೧೯ ಜೂನ್

ಗುಬ್ಬಿ,

ನಿನ್ನ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡೇ ಕೆಲಸ ಮಾಡುತ್ತಿದ್ದೇನೆ. ಹೊಸಬರ ಪ್ರಶ್ನೆಗಳ ಬಗ್ಗೆ ನೀನು ಹೇಳಿದ್ದು ಸರಿ, ಹಾಗೇ ಮಾಡೋಣ. ಚುಚ್ಚುತ್ತದೆ ಎಂದೆಯಲ್ಲ, ಚುಚ್ಚಲಿ. ಅದಕ್ಕೆ ನಾನು ಮುಲಾಮು ಹುಡುಕುವುದಿಲ್ಲ.

ಈ ಮಂಗಳವಾರ ಬೇಕರಿಯಮ್ಮ ಬಂದರು. ಕೋಲೂರಿಕೊಂಡು, ಪಕ್ಕದಲ್ಲಿ ಮಗಳು. ನಾನು ಅಳತೆಯ ಪಟ್ಟಿಗೆ ಕೈ ಹಾಕಿದೆ. ಅವರು ಕೋಲೆತ್ತಿ ತಡೆದರು.

"ಬೂಟಿಗೆ ಬಂದಿಲ್ಲ. ಆಸ್ಪತ್ರೆಯವರು ಯಾವುದೋ ಕೊಟ್ಟಿದ್ದಾರೆ, ಅದನ್ನೇ ಹಾಕ್ಕೊಂಡಿದ್ದೀನಿ. ನಿನ್ನ ಬೂಟು ಹಾಕ್ಕೊಳ್ಳೋಕೆ ಇನ್ನೂ ಮನಸ್ಸು ಬರ್ತಿಲ್ಲ."

ಹಾಗಾದರೆ ಏನು ಮಾಡಲಿ ಎಂದು ಕೇಳಿದೆ. ಅವರು ಕೂತು, ಮಗಳ ಕಡೆ ಒಮ್ಮೆ ನೋಡಿ ಹೇಳಿದರು. ದಿನಾ ಪಾದದ ಅಡಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರಂತೆ. ಇವರಿಗೆ ಬಗ್ಗಲಾಗುವುದಿಲ್ಲ, ಕಣ್ಣೂ ಮಂಜು. ಮಗಳು ದಿನಾ ನೋಡುತ್ತಾಳೆ, ಆದರೆ ಕೆಂಪು ಕಂಡರೆ ಯಾವುದು ಗಾಯ, ಯಾವುದು ಬರಿಯ ಗೆರೆ ಎಂದು ತಿಳಿಯದೆ ಅಳುತ್ತಾಳೆ.

"ನಂಗೆ ನೋವಾಗಲ್ಲ, ಕಾಣಲ್ಲ. ನೀನು ನೋಡು. ವಾರಕ್ಕೊಂದ್ಸಲ ಬರ್ತೀನಿ. ನೋಡಿ, ಇರೋದನ್ನ ಇದ್ದ ಹಾಗೆ ಹೇಳು."

ನಾನು ನೆಲದ ಮೇಲೆ ಕೂತೆ. ಅವರ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬೆರಳಿದ್ದ ಜಾಗ ಕೂಡಿಕೊಂಡು ನುಣ್ಣಗಾಗಿದೆ. ನನ್ನ ಬೆರಳು ಎಲ್ಲಿ ಮುಟ್ಟುತ್ತಿದೆ ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ, ನನ್ನ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಹಿಮ್ಮಡಿ ಚೆನ್ನಾಗಿದೆ ಎಂದೆ. ಹೆಬ್ಬೆರಳ ಬುಡದಲ್ಲಿ ಚರ್ಮ ಗಟ್ಟಿಯಾಗಿದೆ, ಡಾಕ್ಟರಿಗೆ ತೋರಿಸಿ, ನೀವಾಗಿ ಕೊಯ್ಯಬೇಡಿ ಎಂದೆ. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಗೆರೆಗೂ ಗಾಯಕ್ಕೂ ಇರುವ ವ್ಯತ್ಯಾಸ ತೋರಿಸಿದೆ. ಅವಳು ಮೊದಲ ಸಲ ನನ್ನ ಜೊತೆ ಕೂತು ಮಾತಾಡಿದಳು, ಅದೂ ಪಾದದ ಬಗ್ಗೆ ಮಾತ್ರ.

ಹೋಗುವಾಗ ಬೇಕರಿಯಮ್ಮ, ನಮ್ಮ ಬೀದಿಯಲ್ಲಿ ನನ್ನ ಥರದವರು ಇನ್ನೂ ಇಬ್ಬರಿದ್ದಾರೆ, ಕರೆದುಕೊಂಡು ಬರಲೇ ಎಂದು ಕೇಳಿದರು. ಬನ್ನಿ ಎಂದೆ. ಆಮೇಲೆ ಹೆದರಿಕೆಯಾಯಿತು. ಅವರ ಜೊತೆ ಮಾತಾಡುತ್ತಾ ಅವರು ಹೇಳದೇ ಬಿಟ್ಟದ್ದನ್ನು ಹೊರಡಿಸುವುದು ನನ್ನಿಂದಾಗದು. ನಾನು ಕೋರ್ಟು ನಡೆಸುತ್ತೇನೆ.

ಒಳಗಿನ ಕೋಣೆಯಲ್ಲಿ ಬೆಳಕು ಸಾಲುವುದಿಲ್ಲ. ಅಟ್ಟೆ ನೋಡಲು ಸಾಕು, ಪಾದದ ಅಡಿ ನೋಡಲು ಸಾಲದು. ಮೊನ್ನೆ ಒಂದು ಕೈಯಲ್ಲಿ ಪಾದ, ಇನ್ನೊಂದರಲ್ಲಿ ದೀಪ ಹಿಡಿದು ಒದ್ದಾಡಿದೆ. ನಾನು ಪಾದ ಹಿಡಿದರೆ ದೀಪ ಹಿಡಿಯುವವರು ಇನ್ನೊಬ್ಬರು ಬೇಕು, ಅವರ ಬಾಯಿ ಸುಮ್ಮನಿರಬಾರದು.

ಮುಂದಿನ ಮಂಗಳವಾರ ಮೂವರೂ ಬರುತ್ತಾರೆ. ಸೋಮವಾರದ ಬಸ್ಸಿಗೆ ಹೊರಟು ಬಾ.

ಅಕ್ಕ